ಹರಕೆ ಹೊತ್ತ ಹೆಲ್ಮೆಟ್ಟು

ಇದು ನಡೆದ ಕಥೆ. ಕ್ಯಾತನಹಳ್ಳಿಯಲ್ಲಿ ಇದನ್ನು ಸುಳ್ಳು ಅನ್ನುವವನು ಒಬ್ಬನೇ, ಕನಕರಾಜು. ಅವನು ಹಾಗನ್ನಲೇಬೇಕು, ಕಥೆ ಅವನದೇ.

ಬಿ.ಕಾಂ. ಮುಗಿಸಿ ಪಾಂಡವಪುರದಲ್ಲಿ ಪಶು ಆಹಾರದ ಅಂಗಡಿ ಇಟ್ಟಿದ್ದ ಕನಕನಿಗೆ ಬೂಸಾ ಮೂಟೆಗಳ ನಡುವೆ ಎರಡು ಹುಚ್ಚು ಬೆಳೆದಿದ್ದವು. ಒಂದು, ಯಾರ ದನಿಯನ್ನಾದರೂ ಅವರಿಗಿಂತ ಚೆನ್ನಾಗಿ ಆಡಿಬಿಡುವುದು. ಡೇರಿ ಸೆಕ್ರೆಟರಿ, ಏರು ಹತ್ತುವ ಕಬ್ಬಿನ ಲಾರಿ, ಕರು ಕಾಣದ ಎಮ್ಮೆ, ಎಲ್ಲ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಇನ್ನೊಂದು, ಬೈಕ್ ರೇಸು. ಕೆ.ಆರ್.ಪೇಟೆ ಕಡೆ ಕಬ್ಬು ಕಡಿದ ಬಯಲಲ್ಲಿ ಹುಡುಗರ ಕ್ಲಬ್ಬೊಂದು ವರ್ಷಕ್ಕೊಮ್ಮೆ ನಡೆಸುವ ಮಣ್ಣಿನ ರೇಸು.

ಹೋದ ವರ್ಷ ಮೊದಲ ಸಲ ಹೆಸರು ಕೊಟ್ಟಾಗ ಅವನು ಸಲಹೆ ಕೇಳಿದ್ದು ಕಾಲೇಜಿನ ಗೆಳೆಯ ಸಂತೋಷನನ್ನು. ಸಂತೋಷ ಹಳೆಯ ರೇಸುಗಾರ. ತಲೆಯ ತುಂಬ ಗುಂಗುರು ಕೂದಲು, ಅದರ ತುಂಬ ಜಂಬ.

"ಎಲ್ಮೆಟ್ಟು ಲೂಸಾಗಿರ್ಬೇಕು ಕಣ್ಲಾ," ಅಂದಿದ್ದ ಸಂತೋಷ. "ಬಿಗಿ ಇದ್ರೆ ಬೆವ್ರು ಕಣ್ಣಿಗಿಳಿತದೆ. ಒಳ್ಗೆ ಗಾಳಿ ಆಡ್ಬೇಕು."

ಗಾಳಿ ಚೆನ್ನಾಗಿಯೇ ಆಡಿತು. ಎರಡನೇ ಉಬ್ಬು ಹಾರಿದಾಗ ಹೆಲ್ಮೆಟ್ಟು ಮೂಗಿನವರೆಗೆ ಜಾರಿತು. ಕನಕ ಜನರಿಗೆ ಅಡ್ಡ ಕಟ್ಟಿದ್ದ ಹಗ್ಗ ಹರಿದುಕೊಂಡು, ಬೋಂಡದವನ ಬಾಣಲೆಯನ್ನು ಕೂದಲೆಳೆಯಲ್ಲಿ ತಪ್ಪಿಸಿ, ಯಾರದೋ ಹುಲ್ಲಿನ ಮೆದೆಗೆ ಹೋಗಿ ನುಗ್ಗಿದ. ಎಳೆದು ಹೊರಹಾಕಿದಾಗ ಹೆಲ್ಮೆಟ್ಟಿನ ಮುಂಭಾಗ ಬೆನ್ನಿನ ಕಡೆಗಿತ್ತು. ಅದರೊಳಗಿಂದ ಅವನು "ದಾರಿ ಯಾವ್ ಕಡೆ" ಅಂತ ಕೇಳುತ್ತಿದ್ದ. ಸಂತೋಷ ಅಷ್ಟನ್ನೂ ಫೋನಿನಲ್ಲಿ ಹಿಡಿದು ತಾಲ್ಲೂಕಿಗೆಲ್ಲ ಹಂಚಿದ. ಬೂಸಾ ಕೊಳ್ಳಲು ಬಂದ ಹೆಂಗಸರು "ದಾರಿ ಕಾಣ್ತದಾ ಕನಕಣ್ಣ?" ಅನ್ನತೊಡಗಿದರು. ನಾಗಮಂಗಲದಿಂದ ಬಂದಿದ್ದ ಹೆಣ್ಣಿನ ಕಡೆಯವರು ಆ ವಿಡಿಯೊ ನೋಡಿದ ಮೇಲೆ ಜಾತಕ ಕೂಡಿಬರಲಿಲ್ಲ ಅಂತ ಹೇಳಿಕಳಿಸಿದರು. ಜಾತಕ ಅವರ ಕೈಗೆ ಕೊಟ್ಟೇ ಇರಲಿಲ್ಲ.

ಹಾಗಾಗಿ ಈ ವರ್ಷ ಕನಕನಿಗೆ ಗೆಲ್ಲುವ ಆಸೆ ಇರಲಿಲ್ಲ. ಕಣ್ಣು ಬಿಟ್ಟುಕೊಂಡು ಕೊನೆಯ ಗೆರೆ ದಾಟಬೇಕು, ಊರು ಅದನ್ನು ನೋಡಬೇಕು. ಅಷ್ಟಾಗಿದ್ದರೆ ಸಾಕಿತ್ತು. ಆದರೆ ಅವನು ಶ್ರೀರಂಗಪಟ್ಟಣಕ್ಕೆ ಹೆಲ್ಮೆಟ್ಟು ಕೊಳ್ಳಲು ಹೋದ.

ಅಲ್ಲಿ ಅಂಗಡಿ ಇಟ್ಟಿದ್ದ ಸಹನ ತಾನೂ ರೇಸು ಓಡಿಸುವವಳು. ಹುಬ್ಬಿನ ಮೇಲಿಂದ, ಅವನ ದಟ್ಟ ಕೂದಲನ್ನೂ ಸೇರಿಸಿ ಟೇಪು ಸುತ್ತಿ ಅಳೆದು, ಒಂದು ಹೆಲ್ಮೆಟ್ಟನ್ನು ಅವನ ತಲೆಗೆ ಒತ್ತಿ ಕೂರಿಸಿದಳು. ಕನಕನ ಕೆನ್ನೆಗಳು ಮೂಗಿನ ಹತ್ತಿರ ಬಂದವು.

"ಬಾಯಿ ಮೀನಿನ ಥರ ಆಯ್ತಲ್ಲ ಮೇಡಂ."

"ಆಗ್ಲಿ ಬುಡಿ ಅಣ್ಣ. ಕೆನ್ನೆ ಒತ್ಬೇಕು, ಹಣೆ ನೋಯ್ಬಾರ್ದು. ತಲೆ ಅಳ್ಳಾಡ್ಸಿ. ಚರ್ಮನೂ ಎಲ್ಮೆಟ್ಟೂ ಒಟ್ಗೇ ತಿರುಗ್ಬೇಕು." ಹಿಂದಿನ ಅಂಚಿಗೆ ಕೈ ಹಾಕಿ ಮೇಲೆತ್ತಿ ನೋಡಿದಳು. ಹೆಲ್ಮೆಟ್ಟಿನ ಜೊತೆ ಕನಕನೇ ಎದ್ದ. "ಈಗ ಸರಿಯಾಯ್ತು. ಅಂಗೇ ಒಂದಿಷ್ಟೊತ್ತು ಕೂತ್ಕಳಿ, ಎಲ್ಲಾದ್ರೂ ಕಚ್ತದಾ ನೋಡಣ."

ಕನಕ ಮೀನಿನ ಬಾಯಲ್ಲೇ ಕೂತ. ಸಹನ ಬೇರೆ ಗಿರಾಕಿಗೆ ಕೈಗವಸು ತೋರಿಸುತ್ತ ಮಾತು ಮುಂದುವರಿಸಿದಳು. "ಇದ್ನೆಲ್ಲ ಆ ವಿಡಿಯೊ ಹಂಚಿದ್ ನಿಮ್ ಸಂತೋಷ್ ಯೋಳ್ನಿಲ್ವಾ? ಅವ್ರೂ ಇಲ್ಲೇ ತಗೊಂಡಿದ್ದು. ಆ ಗುಂಗ್ರು ಕೂದ್ಲ ಮೇಲೆ ಕೂರ್ಸೋದ್ರಲ್ಲಿ ನಂಗೆ ಸಾಕಾಗೋಯ್ತು. ಕೂದ್ಲು ತಗ್ಸಿದ್ರೆ ಇದು ಕೆಲ್ಸಕ್ಕೆ ಬರಲ್ಲ ಅಂತ ಆವತ್ತೇ ಯೋಳಿದ್ದೆ."

"ಯಾವಾಗ ತಗೊಂಡ? ಓದ್ ವರ್ಷದ ರೇಸಿಗೆ ಮುಂಚೆನಾ?"

"ಮುಂಚೇನೆ."

ಅಂದರೆ ಗೊತ್ತಿದ್ದೇ ಸುಳ್ಳು ಹೇಳಿದ್ದ. ಬಿಗಿ ಹೆಲ್ಮೆಟ್ಟಿನೊಳಗೆ ಕನಕನ ಕಿವಿ ಬಿಸಿಯಾಯಿತು. ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೂ ಅವನು ಅದನ್ನು ತೆಗೆಯಲಿಲ್ಲ. ಯೋಚನೆಯೆಲ್ಲ ಸಂತೋಷನ ಕೂದಲಿನದೇ.

ಸಂತೋಷನ ಅಜ್ಜಿ ಬೆಟ್ಟಮ್ಮ ನಾಗಮಂಗಲದ ಕಡೆ ಮಗಳ ಮನೆಯಲ್ಲಿದ್ದರು. ಸ್ವಂತ ಫೋನಿಲ್ಲ. ಅಕ್ಕಪಕ್ಕದವರ ಫೋನು ಈಸಿಕೊಂಡು ಮೊಮ್ಮಗನಿಗೆ ಮಾತಾಡುವುದು ವಾಡಿಕೆ. ಕನಕ ಅಂಗಡಿಗೆಂದು ತಂದ ಹೊಸ ಸಿಮ್ಮು ಹಾಕಿದ. ಎಲೆ ಅಡಿಕೆ ತುಂಬಿದಂತೆ ಕೆನ್ನೆ ಉಬ್ಬಿಸಿದ.

"ಸಂತೋಸಾ, ಪಕ್ಕದ್ಮನೆ ಪಾರ್ವತಮ್ಮನ ಫೋನಿಂದ ಮಾತಾಡ್ತಾ ಇವ್ನಿ ಕಣಪ್ಪ. ನಿಂಗೆ ಡೆಂಗ್ಯೂ ಬಂದಿತ್ತಲ್ಲ, ಆವಾಗ ನಿನ್ ಮುಡಿ ಕೊಡುಸ್ತೀನಿ ಅಂತ ಭೈರವಪ್ಪಂಗೆ ಅರಕೆ ಒತ್ಕೊಂಡಿದ್ದೆ. ಮರ್ತೇ ಬುಟ್ಟಿದ್ದೆ. ಕನಸ್ನಾಗೆ ಬಂದು ಕೇಳ್ದ."

"ಏನ್ ಕೇಳ್ದ ಅಜ್ಜಿ?"

"ಕೂದ್ಲೆಲ್ಲಿ ಅಂದ."

"ರೇಸಾದ್ಮೇಲೆ ಕೊಟ್ರೆ ಆಗಲ್ವಾ?"

"ಅಲ್ಲೀಗಂಟ ಬೀಳುಸ್ಬ್ಯಾಡ ಅಂತ ನೀನೇ ಅವ್ನಿಗೆ ಯೋಳ್ಕ ಮತ್ತೆ." ಕನಕ ಬೆಟ್ಟಮ್ಮನ ಕೆಮ್ಮು ಕೆಮ್ಮಿದ. "ನಾನ್ ಅಂದೆ ಅಂತ ನಿಮ್ಮಪ್ಪಂಗೆ ಯೋಳ್ಬ್ಯಾಡ. ಬಯ್ತಾನೆ."

ಸಂತೋಷನಿಗೆ ಲೋಕದಲ್ಲಿ ಎರಡೇ ಭಯ, ಅಜ್ಜಿ ಮತ್ತು ಮನೆದೇವರು. ಎರಡೂ ಒಂದೇ ಕರೆಯಲ್ಲಿ ಬಂದಿದ್ದವು. ಮಾರನೆಯ ದಿನವೇ ಗುಡಿಗೆ ಹೋಗಿ ಮುಡಿ ಕೊಟ್ಟು ಬಂದ.

ಕನಕ ಯೋಚಿಸದೇ ಇದ್ದದ್ದೊಂದು ಉಡುಗೊರೆಯಾಗಿ ಸಿಕ್ಕಿತು. ಬೋಳುತಲೆಯ ಸಂತೋಷ ಪೇಟೆಯಲ್ಲಿ ಬಸ್ಸಿಳಿದದ್ದನ್ನು ಕಂಡವರೆಲ್ಲ ಅವನ ತಂದೆ ಶಿವಣ್ಣ ಹೋಗಿಬಿಟ್ಟರು ಅಂದುಕೊಂಡರು. ಸಂಜೆಗೆ ಮನೆ ಮುಂದೆ ಚಪ್ಪಲಿ ರಾಶಿ. ಶಿವಣ್ಣ ಹಾಲಿನ ಬಕೆಟ್ಟು ಹಿಡಿದು ಕೊಟ್ಟಿಗೆಯಿಂದ ಬಂದು ಕೇಳಿದರು, "ಯಾರ್ರಪ್ಪ ಓದೋರು?"

"ನೀವೇ ಅಂದ್ರು," ಅಂದರು ಬಂದವರು, ಚಪ್ಪಲಿ ಹುಡುಕಿಕೊಳ್ಳುತ್ತ.

ಕನಕನೂ ಆ ಗುಂಪಿನಲ್ಲಿದ್ದ. ಎಲ್ಲರಿಗಿಂತ ಮುಖ ಬಾಡಿಸಿಕೊಂಡು, ಸಂತೋಷನ ಹೆಗಲ ಮೇಲೆ ಕೈಯಿಟ್ಟು, "ಧೈರ್ಯ ತಂದ್ಕಳಪ್ಪ" ಅಂದು ಬಂದ.

ರೇಸಿನ ದಿನ ಬಂತು. ಹೋದ ವರ್ಷದ ಹುಲ್ಲಿನ ಮೆದೆ ಪ್ರಸಂಗದಿಂದಾಗಿ ಕ್ಲಬ್ಬಿನವರು ಈ ಸಲ ಹೆಲ್ಮೆಟ್ಟಿನ ತಪಾಸಣೆ ಇಟ್ಟಿದ್ದರು. ಆ ಕೆಲಸಕ್ಕೆ ನಿಂತ ಮರಿಸ್ವಾಮಿ ಕನಕನ ಹೆಲ್ಮೆಟ್ಟನ್ನು ಎಳೆದು, ತಿರುಗಿಸಿ, ಮೆಚ್ಚಿ ಹಸಿರು ಚೀಟಿ ಅಂಟಿಸಿದ. ಕನಕ ಹೋಗಲಿಲ್ಲ. ಮುಂದಿನವನು ಸಂತೋಷ.

"ತಲೆ ಅಳ್ಳಾಡ್ಸಿ," ಅಂದ ಮರಿಸ್ವಾಮಿ.

ಸಂತೋಷನ ತಲೆ ಎಡಕ್ಕೂ ಬಲಕ್ಕೂ ಹೋಯಿತು. ಹೆಲ್ಮೆಟ್ಟು ಇದ್ದಲ್ಲೇ ಇತ್ತು. ಮರಿಸ್ವಾಮಿ ಒಳಗೆ ಬೆರಳು ಹಾಕಿ ಎಳೆದ. ಒಂದು ಟವೆಲ್ಲು ಬಂತು, ಅದರ ಬಾಲ ಹಿಡಿದು ಇನ್ನೊಂದು ಬಂತು.

"ಇನ್ನೇನೇನ್ ಇಟ್ಟಿದ್ದೀರಿ, ಜಮಖಾನ?" ಅಂದ ಮರಿಸ್ವಾಮಿ. "ಆಗಲ್ಲ, ಓಗಿ."

ಕನಕನ ಹೊಟ್ಟೆ ತಣ್ಣಗಾಯಿತು. ವರ್ಷವಿಡೀ ಉರಿದಿದ್ದು ಮಜ್ಜಿಗೆ ಕುಡಿದಂತೆ ಇಳಿಯಿತು. ಆದರೆ ಹೊಡೆದವನಾರೆಂದು ಹೊಡೆತ ತಿಂದವನಿಗೆ ತಿಳಿಯದಿದ್ದರೆ ರುಚಿ ಅರ್ಧವೇ. ಹೇಗೆ ತಿಳಿಸುವುದೆಂದು ಯೋಚಿಸುತ್ತಿರುವಾಗಲೇ ಶಿವಣ್ಣನ ಬೈಕಿನ ಹಿಂದೆ ಕೂತು ಖುದ್ದು ಬೆಟ್ಟಮ್ಮನೇ ಬಂದರು, ಮೊಮ್ಮಗನ ರೇಸು ನೋಡಲು.

"ನಿಮ್ಮಪ್ಪ ಕಲ್ಲುಗುಂಡ್ನಂಗೆ ಇಲ್ಲೇ ಅವ್ನಲ್ಲೋ," ಅಂದರು ಮೊಮ್ಮಗನ ತಲೆ ನೋಡಿ. "ಯಾರ್ಗೆ ಬೋಳ್ಸ್ಕೊಂಡೆ?"

"ನೀನೇ ಅಲ್ವಾ ಅಜ್ಜಿ ಫೋನ್ ಮಾಡಿ ಅರಕೆ ಅಂದಿದ್ದು?"

"ನಾನ್ಯಾವಾಗ ಅಂದೆ?"

ಕನಕನಿಗೆ ತಡೆಯಲಾಗಲಿಲ್ಲ. ಕೆನ್ನೆ ಉಬ್ಬಿಸಿ, ಬೆಟ್ಟಮ್ಮನ ಎದುರಲ್ಲೇ ಬೆಟ್ಟಮ್ಮನಾಗಿ ಹೇಳಿದ. "ಕೂದ್ಲು ಓದ್ರೆ ಓಯ್ತು ಬುಡ್ಲಾ ಸಂತೋಸಾ. ಒಳ್ಗೆ ಗಾಳಿ ಆಡ್ತದೆ."

ಸುತ್ತ ನಿಂತಿದ್ದವರು ಹೋ ಅಂತ ನಕ್ಕರು. ಸಂತೋಷನ ಮುಖ ಕಪ್ಪಿಟ್ಟಿತು. ಬೆಟ್ಟಮ್ಮ ನಗಲಿಲ್ಲ. ಎಲೆ ಉಗಿದು ಬಂದು ಕನಕನ ಎದುರು ನಿಂತರು.

"ಗಂಟ್ಲು ನಂದು. ಬಾಯಿ ಯಾರ್ದು?"

"ನಂದೇ ಅಜ್ಜಿ. ತಮಾಷೆಗೆ."

"ಭೈರವಪ್ಪನ್ ಎಸ್ರೇಳಿ ಅರಕೆ ಆಡಿದ್ದು ನೀನು. ಕೂದ್ಲು ಕೊಟ್ಟಿದ್ದು ಇವ್ನು. ಪಾಪದೋನು ಕೊಟ್ಟಿದ್ದು ಇವ್ನ ಲೆಕ್ಕಕ್ಕೆ ಸೇರ್ತು. ನಿಂದಿನ್ನೂ ಬಾಕಿ ಅದೆ."

"ರೇಸಾದ್ಮೇಲೆ ಕೊಡ್ತೀನಿ. ಬೇಕಾದ್ರೆ ಈಗ್ಲೇ ಬಟ್ಟೇಲಿ ಕಾಸಿಟ್ಟು ಮುಡಿಪು ಕಟ್ತೀನಿ."

"ಮುಡಿಪು ಕಟ್ಟೋದು ಭಕ್ತಿ ಇರೋರು. ನೀನು ಕಳ್ಳ." ಬೆಟ್ಟಮ್ಮ ಸೆರಗು ಸರಿಮಾಡಿಕೊಂಡರು. "ನಾನೇನ್ ಬಲವಂತ ಮಾಡಲ್ಲ. ಓಡ್ಸು ಓಗು. ಅವ್ನುಂಟು ನೀನುಂಟು."

ಕನಕ ಬೈಕು ಹತ್ತಿಬಿಡುತ್ತಿದ್ದ. ಆದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಂದಿದ್ದ ಅವನ ತಾಯಿ ಪ್ರೇಮಮ್ಮ ಎಲ್ಲ ಕೇಳಿಸಿಕೊಂಡಿದ್ದರು. ನಿಂಬೆಹಣ್ಣು ಮಡಿಲಿಗೆ ಹಾಕಿಕೊಂಡು ಚಕ್ರದ ಮುಂದೆ ತಾವೇ ಕೂತುಬಿಟ್ಟರು.

"ಅವ್ವ, ಏಳವ್ವ. ಇದ್ಕೋಸ್ಕರ ವರ್ಷ ಕಾದಿವ್ನಿ."

"ದೇವ್ರ ಬಾಕಿ ಇಟ್ಕೊಂಡು ಓಡ್ಸದಾದ್ರೆ ನನ್ ಮ್ಯಾಲೆ ಓಡ್ಸು."

ಕನಕ ಕೊನೆಯ ಗೆರೆಯತ್ತ ನೋಡಿದ. ಅಲ್ಲಿ ಕಟ್ಟಿದ್ದ ಬಾವುಟಗಳು ಕಾಣುತ್ತಿದ್ದವು. ಆಮೇಲೆ ಹೋದ ವರ್ಷದ ಆ ಉಬ್ಬಿನತ್ತ ನೋಡಿದ. ಅದನ್ನು ಹಾರುವಾಗ ಭೈರವ ನೆನಪಾದರೆ ಮತ್ತೆ ಹುಲ್ಲಿನ ಮೆದೆಯೇ ಗತಿ ಅನ್ನಿಸಿತು. ಬೈಕಿನಿಂದ ಇಳಿದ.

ರೇಸು ನೋಡಲು ಬಂದವರಲ್ಲಿ ಪೇಟೆಯ ಕ್ಷೌರದಂಗಡಿಯ ಕೃಷ್ಣನೂ ಇದ್ದ. ಕತ್ತಿಯ ಡಬ್ಬಿ ಸ್ಕೂಟರಿನಲ್ಲೇ ಇತ್ತು. ಟ್ರಾಕ್ಟರಿನ ಹಳೇ ಟೈರಿನ ಮೇಲೆ ಕನಕನನ್ನು ಕೂರಿಸಿ, ಬಾಟಲಿ ನೀರು ಸುರಿದು, ಕತ್ತಿ ಇಟ್ಟ. ದಟ್ಟ ಕೂದಲು ಗದ್ದೆಯ ಮಣ್ಣಿಗೆ ಉದುರಿತು. ಬೆಟ್ಟಮ್ಮ ಅದನ್ನು ಬಾಚಿ ಎಲೆಯಡಿಕೆ ಚೀಲಕ್ಕೆ ತುಂಬಿಕೊಂಡರು. ಗುಡಿಗೆ ತಾವೇ ಮುಟ್ಟಿಸುತ್ತಾರಂತೆ.

ಅಷ್ಟು ಹೊತ್ತಿಗೆ ಮರಿಸ್ವಾಮಿ ಬಂದ. ಹೊಳೆಯುತ್ತಿದ್ದ ತಲೆಯನ್ನೊಮ್ಮೆ, ಕನಕನ ಕೈಯಲ್ಲಿದ್ದ ಹೆಲ್ಮೆಟ್ಟನ್ನೊಮ್ಮೆ ನೋಡಿದ. ಎಳೆದು ತಿರುಗಿಸಿ ನೋಡುವ ಗೋಜಿಗೂ ಹೋಗಲಿಲ್ಲ. ಉಗುರು ಹಾಕಿ ಹಸಿರು ಚೀಟಿ ಕಿತ್ತು ಜೇಬಿಗಿಟ್ಟುಕೊಂಡು ಹೋದ.

ಮೊದಲು ಶಿವಣ್ಣ ಕೆಮ್ಮಿದರು. ಪ್ರೇಮಮ್ಮ ಸೆರಗು ಬಾಯಿಗೆ ತುಂಬಿಕೊಂಡರು. ಕೃಷ್ಣ ಕತ್ತಿ ಒರೆಸುವ ನೆಪದಲ್ಲಿ ಆ ಕಡೆ ತಿರುಗಿದ. ಹಿಂದೆ ಬೈಕುಗಳೆಲ್ಲ ಒಟ್ಟಿಗೆ ಗುಡುಗುತ್ತ ಹೊರಟವು. ಆ ಗದ್ದಲವನ್ನೂ ಮೀರಿ ಒಂದು ನಗು ಕೇಳುತ್ತಿತ್ತು. ಸಂತೋಷ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈ ತನ್ನ ಬೋಳಿನ ಮೇಲೆ, ಇನ್ನೊಂದು ಕನಕನ ಬೋಳಿನ ಮೇಲೆ ಇಟ್ಟುಕೊಂಡು, ಉಸಿರು ಸಿಗದೆ ನಗುತ್ತಿದ್ದ.