ಆಕಾಶ ತಿರುಗಿಸುವ ಕೆಲಸ

ಊಟಕ್ಕೆ ಕೂತರೆ ವಾರಿಜಳ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಬಲಗೈ ತುತ್ತನ್ನು ಬಾಯಿಗೆ ಮುಟ್ಟಿಸಿ ಮತ್ತೆ ತಟ್ಟೆಗೆ ಇಳಿಯುತ್ತಿತ್ತು. ಬೇರೆ ಮನೆಯಲ್ಲಾಗಿದ್ದರೆ ಇದನ್ನು ಯಾರೂ ಗಮನಿಸುತ್ತಿರಲಿಲ್ಲ. ನಮಗೆ ಮಾತ್ರ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕೈಯೇ ಅವಳ ಮಾತು. ಅಮ್ಮ, ಅವಳು, ನಾನು ಮೂವರೂ ಸೇರಿ ಕಟ್ಟಿಕೊಂಡಿದ್ದ ಸನ್ನೆಗಳಲ್ಲಿ ಅವಳು ಜಗಳವಾಡುತ್ತಿದ್ದಳು, ಚಾಡಿ ಹೇಳುತ್ತಿದ್ದಳು, ಪಕ್ಕದ ಮನೆಯವರ ನಡಿಗೆಯನ್ನು ಅಣಕಿಸುತ್ತಿದ್ದಳು. ಊರಿಗೆಲ್ಲ ಮೂಗಿಯಾದವಳು ಮನೆಯೊಳಗೆ ದೊಡ್ಡ ಬಾಯಿಬಡುಕಿ.

ಆ ಕೈಗಳನ್ನು ಕಟ್ಟಿಹಾಕಿದ್ದು ಒಂದು ತೆರೆ. ಊರಿನ ಹಳೆಯ ನಾಟಕಶಾಲೆಯಲ್ಲಿ ಗೋಡೆಯಗಲದ ಕಂಪ್ಯೂಟರ್ ತೆರೆ ಕೂರಿಸಿ, ಜನರಿಗೆ ಅದರಲ್ಲಿ ಆಕಾಶ ತೋರಿಸಲು ಹೊರಟಿದ್ದರು. ಅದನ್ನು ನಡೆಸಲು ಒಬ್ಬರು ಬೇಕಿತ್ತು. ತೆರೆಯನ್ನು ಮುಟ್ಟಬೇಕಿರಲಿಲ್ಲ. ದೂರದಲ್ಲಿ ನಿಂತು ಬೆರಳು ತೋರಿಸಿದರೆ ಬೆಳಕಿನ ಚುಕ್ಕೆ ಅಲ್ಲಿಗೆ ಹೋಗುತ್ತಿತ್ತು. ಮುಷ್ಟಿ ಹಿಡಿದು ಎಳೆದರೆ ಇಡೀ ಆಕಾಶ ತಿರುಗುತ್ತಿತ್ತು. ಅಂಗೈಗಳನ್ನು ಅಗಲಿಸಿದರೆ ನಕ್ಷತ್ರ ದೊಡ್ಡದಾಗಿ ಹತ್ತಿರ ಬರುತ್ತಿತ್ತು. ತೆರೆಯ ನೆತ್ತಿಯಲ್ಲಿದ್ದ ಕ್ಯಾಮೆರಾ ಕೈಯನ್ನೇ ನೋಡುತ್ತಿತ್ತು; ವಿವರಣೆ ಅಕ್ಷರಗಳಲ್ಲಿ ತಾನಾಗಿ ಮೂಡುತ್ತಿತ್ತು. ಕೆಲಸ ಕೇಳಿ ಹೋದ ಕಡೆಯಲ್ಲೆಲ್ಲ ಮಾತು ಬರುವುದಿಲ್ಲವೆಂದು ವಾಪಸು ಬಂದಿದ್ದ ವಾರಿಜಳಿಗೆ ಇದು ತನಗೆಂದೇ ಹುಟ್ಟಿದ ಕೆಲಸ ಅನ್ನಿಸಿತು.

ಮೊದಲ ದಿನವೇ ಎಡವಟ್ಟಾಯಿತು. ಚುಕ್ಕೆಯನ್ನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಚಂದ್ರನ ಅಂಚಿಗೆ ಒಯ್ದವಳು, ಖುಷಿಯಲ್ಲಿ ನನ್ನತ್ತ ‘ನೋಡಿದ್ಯಾ?’ ಎಂದು ಕೈಯಾಡಿಸಿದಳು. ಚಂದ್ರ ಚಿಮ್ಮಿ ತೆರೆಯಾಚೆ ಹೋದ.

ಕೆಲಸ ಕಲಿಸುತ್ತಿದ್ದ ಇಂದುಮತಿಯವರು ನಕ್ಕರು. ಆಮೇಲೆ ಅವರ ಮುಖ ಸಪ್ಪಗಾಯಿತು. “ಇವಳು ಕೈಲಿ ಮಾತಾಡಿದ್ರೂ ತೆರೆಗೆ ಅಪ್ಪಣೆ ಕೊಟ್ಟ ಹಾಗೆ ಕಾಣ್ಸುತ್ತೆ. ಹುಣ್ಣಿಮೆ ದಿನ ನಾಟಕಶಾಲೆ ಅಧ್ಯಕ್ಷರು ಪರೀಕ್ಷೆ ಮಾಡ್ತಾರೆ. ಅಷ್ಟರಲ್ಲಿ ಕೈ ಸುಮ್ನಿಟ್ಕೊಳ್ಳೋದು ಕಲೀಬೇಕು.”

‘ಮನೆಯಲ್ಲಿ ಮಾತಾಡಿದರೆ ಅಲ್ಲೂ ಕೈ ಏಳುತ್ತದೆ’ ಎಂದು ಅಂದು ಸಂಜೆ ವಾರಿಜ ನನಗೆ ಹೇಳಿದ್ದೇ ಕೊನೆ. ಮಾತು ನಿಂತಿತು. ಬೆರಳು ತಾನಾಗಿ ಮಿಡಿದರೆ ಕೈಯನ್ನು ತೊಡೆಯಡಿ ಒತ್ತಿ ಕೂರುತ್ತಿದ್ದಳು. ಅಮ್ಮ ಏನು ಕೇಳಿದರೂ ತಲೆ ಆಡಿಸಿದರೆ ಮುಗಿಯಿತು.

“ಕೆಲ್ಸ ಸಿಕ್ಕಿದ್ಮೇಲೂ ಹೀಗೇ ಇದ್ದುಬಿಟ್ರೆ ಏನೋ ಮಾಡ್ಲಿ?” ಎಂದು ಅಮ್ಮ ಒಲೆಯ ಮುಂದೆ ಕಣ್ಣೊರೆಸಿಕೊಂಡಳು.

“ಪರೀಕ್ಷೆ ಮುಗೀಲಿ, ಸರಿಹೋಗ್ತಾಳೆ,” ಎಂದೆ.

ಹುಣ್ಣಿಮೆಯ ದಿನ ವಾರಿಜ ಸಭೆಗೆ ಬೆನ್ನು ಮಾಡಿ, ತೆರೆಗೆ ಎದುರಾಗಿ ನಿಂತಳು. ಅಧ್ಯಕ್ಷರ ಮಾತನ್ನು ಅವಳಿಗೆ ಸನ್ನೆಯಲ್ಲಿ ತಿಳಿಸಲು ನಾನು ತೆರೆಯ ಪಕ್ಕ, ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿದ್ದೆ. ಅವಳ ಹಿಂದಿನ ಸಾಲಿನಲ್ಲಿ ಅಧ್ಯಕ್ಷ ಚೆಲುವರಾಯರು, ಇಂದುಮತಿಯವರು, ಕೊನೆಗೆ ಅಮ್ಮ. ವಾರಿಜ ಒಂದು ಕಡೆಯೂ ತಪ್ಪಲಿಲ್ಲ. ಕೊನೆಗೆ ಕೆಂಪು ನಕ್ಷತ್ರವೊಂದನ್ನು ತೆರೆಯ ತುಂಬ ಹಿಗ್ಗಿಸಿ ಕೈ ಇಳಿಸಿದಳು.

“ಚೆನ್ನಾಗಿದೆ,” ಎಂದರು ಚೆಲುವರಾಯರು. “ಆದ್ರೆ ಬಂದೋರು ಏನಾದ್ರೂ ಕೇಳಿದ್ರೆ? ಈ ಕೆಲ್ಸ ಯಾಕೆ ಬೇಕು ಅಂತ ಅವಳನ್ನೇ ಕೇಳಪ್ಪ.”

ಕೇಳಿದೆ. ಉತ್ತರಿಸಲು ಅವಳು ಕೈ ಎತ್ತಿದರೆ ನಕ್ಷತ್ರ ಹಾರಿಹೋಗುತ್ತದೆ. ಎತ್ತದಿದ್ದರೆ ಏನೂ ತಿಳಿಯದವಳೆಂದು ಮನೆಗೆ ಕಳಿಸುತ್ತಾರೆ. ಅವಳು ಕ್ಯಾಮೆರಾ ನೋಡಿದಳು, ನನ್ನನ್ನು ನೋಡಿದಳು. ಯಾರೋ ಕೆಮ್ಮಿದರು. ಮುಗಿಯಿತು ಕತೆ ಅಂದುಕೊಂಡೆ.

ವಾರಿಜ ಸರಕ್ಕನೆ ಹಿಂದಕ್ಕೆ ತಿರುಗಿದಳು. ತೆರೆಗೆ ಈಗ ಅವಳ ಬೆನ್ನಷ್ಟೇ ಕಾಣುತ್ತಿತ್ತು, ನನಗೂ ಅಷ್ಟೇ. ಅವಳ ಮೊಣಕೈಗಳು ಆಡತೊಡಗಿದವು. ನಕ್ಷತ್ರ ಕದಲಲಿಲ್ಲ.

“ಏನಂತಾಳೆ?” ಎಂದರು ಚೆಲುವರಾಯರು.

“ಅವಳ ಕೈ ನಂಗೆ ಕಾಣ್ತಿಲ್ಲ ಸಾರ್. ಅವಳು ಮಾತಾಡ್ತಿರೋದು ಅಮ್ಮನ ಹತ್ರ. ಅಮ್ಮನ ಉತ್ತರ ಮಾತ್ರ ಕಾಣ್ತಿದೆ.”

“ಅದನ್ನೇ ಹೇಳು.”

“ಕೋಪ ಇಲ್ಲ ಅಂತಿದಾರೆ. ಇವಳು ಮಾತು ಬಿಟ್ಟಿದ್ದಕ್ಕೆ ಹೆದರಿಕೆ ಆಗಿತ್ತು ಅಂತಿದಾರೆ. ಅಷ್ಟೂ ದಿನ ಸಾರಿಗೆ ಉಪ್ಪು ಜಾಸ್ತಿ ಆಗಿತ್ತಂತೆ. ಅದನ್ನೂ ಒಪ್ಕೋತಿದಾರೆ.”

ಚೆಲುವರಾಯರು ಜೋರಾಗಿ ನಕ್ಕು, ತೆರೆಯ ಕಡೆ ನೋಡಿ ಇಂದುಮತಿಯವರನ್ನು ಕೇಳಿದರು: “ಬೆನ್ನು ಮಾಡಿದ್ರೆ ಇದಕ್ಕೇನೂ ಗೊತ್ತಾಗಲ್ವೇನಮ್ಮ?”

“ಇಲ್ಲ ಸಾರ್. ನಮಗೇ ಹೊಳೀಲಿಲ್ಲ.”

“ಸರಿ ಬಿಡಿ. ಜನರ ಕಡೆ ತಿರುಗಿ ಮಾತಾಡ್ಲಿ, ಇವನು ಬಿಡಿಸಿ ಹೇಳ್ಲಿ, ಆಮೇಲೆ ಆಕಾಶ ತಿರುಗಿಸ್ಲಿ. ನಾಳೆಯಿಂದ್ಲೇ ಬರೋಕೆ ಹೇಳಪ್ಪ.”

ಹೇಳಬೇಕೆಂದು ಓಡಿ ಅವಳ ಪಕ್ಕಕ್ಕೆ ಬಂದು, ನಾನೂ ತೆರೆಗೆ ಬೆನ್ನು ಮಾಡಿ ಕೈ ಎತ್ತಿದೆ. ಅವಳು ನನ್ನ ಕಡೆ ನೋಡಿದರೆ ತಾನೆ? ಭುಜ ಹಿಡಿದು ತಿರುಗಿಸಬಹುದಿತ್ತು, ಮನಸ್ಸು ಬರಲಿಲ್ಲ. ಅಮ್ಮ ಕುರ್ಚಿಯಿಂದ ಎದ್ದುನಿಂತು, ಸೆರಗು ಜಾರಿದ್ದನ್ನೂ ಮರೆತು, ಮಗಳ ಮಾತಿಗೆ ನಡುವೆಯೇ ಮಾತು ಸೇರಿಸುತ್ತಿದ್ದಳು. ಕೆಲಸ ಸಿಕ್ಕಿದ ಸುದ್ದಿ ಇಟ್ಟುಕೊಂಡು, ಅವರಿಬ್ಬರ ಮಾತು ಮುಗಿಯಲೆಂದು ನಾನು ಕಾಯುತ್ತ ನಿಂತೆ.