ಕುಂಕುಮದ ಕೆಳಗಿನ ತಾರೀಖು

ಹೊಸ ಆಟ ಹಾಕಿದರೆ ನನ್ನ ಕಂಪ್ಯೂಟರಿನಲ್ಲಿ ಓಡುವ ಕಾರು ತಿರುವಿಗೊಮ್ಮೆ ಕಲ್ಲಾಗಿ ನಿಲ್ಲುತ್ತಿತ್ತು. ಹಳೆಯ ಗ್ರಾಫಿಕ್ಸ್ ಕಾರ್ಡಿನ ಕೈಲಾಗುತ್ತಿರಲಿಲ್ಲ. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯಲ್ಲಿ ವರ್ಷವಿಡೀ ಓವರ್‌ಟೈಮ್ ಮಾಡಿ ಹೊಸ ಕಾರ್ಡಿನ ಬೆಲೆ ಎಂಟು ಸಾವಿರ ಕೂಡಿಸಿಕೊಂಡು, 2004ರ ಪಿತೃಪಕ್ಷದಲ್ಲಿ ಪುಣೆಯ ಕ್ಯಾಂಪ್ ಪೇಟೆಯಲ್ಲಿದ್ದ ಹೊಳಬಸಪ್ಪನ ಕಂಪ್ಯೂಟರ್ ಅಂಗಡಿಗೆ ಹೋದೆ. ನಾಲ್ಕು ಮರಾಠಿ ಅಂಗಡಿ ದಾಟಿ ಅವನಲ್ಲಿಗೇ ಹೋದದ್ದು ನಮ್ಮ ಕಡೆಯವನೆಂದು.

“ಪಕ್ಷದಾಗ ಮಷೀನು ತಗೊಂಡ್ರ ಒಳ್ಳೇದಲ್ಲ, ಕಿಶೋರ. ದಸರಾಕ್ಕ ಬಾ, ಪೂಜಾ ಮಾಡಿ ಕೊಡ್ತೀನಿ,” ಎಂದ.

ಅವ್ವ ಹೇಳುವ ಮಾತನ್ನೇ ಅವನೂ ಹೇಳಿದನೆಂದು ನನಗೆ ಖುಷಿಯಾಯಿತು. ಎಂಥ ಪೆದ್ದ ನಾನು!

ದಸರೆಯ ದಿನ ಅದೇ ಕಾರ್ಡಿಗೆ ಹತ್ತೂವರೆ ಸಾವಿರ ಹೇಳಿದ.

“ಹಳೇ ಮಾಲು ಖಾಲಿ ಆತು. ಇದು ನಿನ್ನೆ ಬಂದದ್ದು, ರೇಟ್ ಭಾಳ ಏರ್ಯದ. ಹಬ್ಬದ ದಿವಸ ಚೌಕಾಸಿ ಮಾಡಬ್ಯಾಡ.”

ತಂಗಿ ದೀಪಾಲಿಯ ಹಬ್ಬದ ಬಟ್ಟೆಗೆಂದು ಇಟ್ಟಿದ್ದ ದುಡ್ಡನ್ನೂ ಸೇರಿಸಿ ಕೊಟ್ಟೆ. ಅವನು ಕಾರ್ಡಿನ ಡಬ್ಬಿಗೆ ದಪ್ಪಗೆ ಕುಂಕುಮ ಹಚ್ಚಿ, ನನ್ನ ಕೈಗೆ ಬನ್ನಿ ಎಲೆ ಕೊಟ್ಟು, “ಬಂಗಾರದಂಗ ಇರು,” ಎಂದು ಹರಸಿದ.

ಮನೆಗೆ ಬಂದು ಡಬ್ಬಿ ತೆರೆಯುವಾಗ ಕುಂಕುಮ ಬೆರಳಿಗೆ ಮೆತ್ತಿಕೊಂಡಿತು. ಒರೆಸಿದೆ. ಕೆಳಗೆ ಅವನದೇ ಅಂಗಡಿಯ ಚೀಟಿ, ಮಾಲು ಬಂದ ತಾರೀಖು. ಅದು ನಿನ್ನೆಯದಲ್ಲ. ಮಹಾಲಯ ಅಮಾವಾಸ್ಯೆಯದು. ಅಪ್ಪನಿಗೆ ಎಡೆ ಇಡಲು ನಾನು ರಜೆ ಹಾಕಿದ ದಿನ, ಮರೆಯುವುದುಂಟೆ? ಪಕ್ಷದಲ್ಲಿ ಕೊಳ್ಳಬೇಡವೆಂದು ನನ್ನನ್ನು ವಾಪಸ್ಸು ಕಳಿಸಿದವನು, ಅದೇ ಪಕ್ಷದಲ್ಲಿ ತಾನು ಹಳೆಯ ದರಕ್ಕೆ ಕೊಂಡು ಪೇರಿಸಿಟ್ಟುಕೊಂಡಿದ್ದ.

ಹಲ್ಲು ಕಚ್ಚಿ ಉಳಿದ ಕುಂಕುಮವನ್ನೂ ಉಜ್ಜಿ ತೆಗೆದೆ.

ಬಾಗಿಲಲ್ಲಿ ಅವ್ವ ಚೀರಿದಳು: “ಕುಂಕುಮ ಒರಸಬ್ಯಾಡೋ, ಒಳ್ಳೇದಲ್ಲ!”