ಮಾವ ಮಾಡಿದ ರೇಲಿಂಗು

ಮೇಲಿನ ಕೋಣೆಯ ಚಿಲಕ ಸರಿದ ಸದ್ದಾದರೆ ಸಾಕು, ಉಜ್ವಲಾಳ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು. ಸೊಸೆ ಮನೀಷಾ ಮೆಟ್ಟಿಲಿಳಿದು ಅಡುಗೆಮನೆಯ ಹೊಸ್ತಿಲಲ್ಲಿ ಕಾಣಿಸಿಕೊಳ್ಳುವವರೆಗೆ ರೊಟ್ಟಿ ಬಡಿಯಲು ಮನಸ್ಸಾಗುತ್ತಿರಲಿಲ್ಲ. ಮನೀಷಾ ತುಂಬು ಬಸುರಿ. ಏಕಸಂಬಿಯ ಈ ಮನೆಗೆ ಮಹಡಿ ಕಟ್ಟಿಸಿ ವರ್ಷವಾಗಿದ್ದರೂ ಮೆಟ್ಟಿಲಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಒಂದು ಬದಿ ನುಣ್ಣನೆಯ ಗೋಡೆ, ಇನ್ನೊಂದು ಬದಿ ಬಯಲು.

"ಸ್ಟೀಲಿಂದು ಹಾಕಸ್ರಿ, ಲಗೂನ ಮುಗೀತೈತಿ," ಎಂದು ಗಂಡನಿಗೆ ಹೇಳಿ ಹೇಳಿ ಸಾಕಾಗಿತ್ತು.

"ದವಾಖಾನಿ ಇದ್ದಂಗ ಕಾಣತೈತಿ ಅದು," ಎಂದಿದ್ದ ಮಹಾದೇವ. "ಅಪ್ಪನ ಚಕ್ಕಡಿ ಮರ ಹಿತ್ತಲದಾಗ ಸುಮ್ಮನ ಬಿದ್ದಾವು. ನಾನ ಮಾಡ್ತೀನಿ."

ಕಬ್ಬು ಕಡಿದು ಮುಗಿದಿತ್ತು, ಅವನಿಗೆ ಬಿಡುವಿತ್ತು. ಮೆಟ್ಟಿಲ ಬುಡದಲ್ಲೇ ಪಡಸಾಲೆಯಲ್ಲಿ ಕುಳಿತು ರಂದಾ ಎಳೆದು ಮರ ನುಣುಪು ಮಾಡತೊಡಗಿದ. ಹಳೆಯ ಜಾಲಿ ಮರ, ಕಬ್ಬಿಣದಷ್ಟು ಗಟ್ಟಿ. ಕೆಳಗಿನ ಅರ್ಧ ಬೇಗ ಕೂತಿತು. ಮೆಟ್ಟಿಲು ತಿರುಗುವ ಕಡೆ ಮಾತ್ರ ಎರಡು ಮರಗಳ ತುದಿ ಒಂದಕ್ಕೊಂದು ಕೂಡಲೊಲ್ಲವು. ಕೊಯ್ಯುವುದು, ಇಟ್ಟು ನೋಡುವುದು, ಮತ್ತೆ ಇಳಿಸಿ ಉಜ್ಜುವುದು. ಉಜ್ವಲಾಳಿಗೆ ಆ ಕರಕರ ಸದ್ದು ತಲೆಯೊಳಗೇ ಕೇಳಿಸುತ್ತಿತ್ತು.

"ಇವನ್ನ ಹೊಟ್ಟ್ಯಾಗ ಇಟ್ಕೊಂಡು ನಾ ನಿಚ್ಚಣಿಕಿ ಹತ್ತಿ ಜ್ವಾಳದ ಕಣಕಿ ಒಟ್ಟೀನಿ," ಎಂದಳು ಮೂಲೆಯಲ್ಲಿ ಕುಳಿತ ಅತ್ತೆ ಸಾವಿತ್ರೆವ್ವ, ಮಗನತ್ತ ಕೈ ತೋರಿಸಿ. "ನನಗ್ಯಾರು ರೇಲಿಂಗ್ ಮಾಡಿದ್ರು?"

"ಅದಕ ನೋಡ್ರಿ ನಿಮ್ಮ ಮಗಾ ಹಿಂಗ್ಯಾಕಾದ್ರಂತ ಈಗ ತಿಳೀತು," ಎಂದಳು ಉಜ್ವಲಾ.

ಮಹಾದೇವ ರಂದಾ ನಿಲ್ಲಿಸಿ ನಕ್ಕ. ಮುದುಕಿ ನಗಲಿಲ್ಲ.

ಕಡೆಗೊಂದು ಮುಂಜಾನೆ ಎಲ್ಲ ಕೂಡಿತು. ಮಹಾದೇವ ಎಣ್ಣೆ ಸವರಿ, ದೂರ ನಿಂತು ನೋಡಿ, ತನ್ನ ಜಾಗದಲ್ಲಿ ಕುಳಿತು ಕೂಗಿದ, "ಮನೀಷಾ, ಇಳದ ಬಾರವ್ವಾ, ಹೆಂಗಾಗೈತಿ ನೋಡು."

ಮನೀಷಾ ಹೊರಗೆ ಬಂದಳು. ಕೆಳಗೆ ಮಾವನನ್ನು ಕಂಡದ್ದೇ ಬಲಗೈ ಸೆರಗನ್ನು ತಲೆಯ ಮೇಲೆ ಎಳೆದು ಅಲ್ಲೇ ಹಿಡಿದುಕೊಂಡಿತು. ಎಡಗೈ ನಿರಿಗೆ ಎತ್ತಿಕೊಂಡಿತು. ಹಾಗೇ ಇಳಿದಳು. ತಿರುವಿನಲ್ಲಿ ಅವಳ ಪಾದ ಮೆಟ್ಟಿಲಿಗಾಗಿ ತಡಕಾಡಿದ್ದನ್ನು ಉಜ್ವಲಾ ಕಂಡಳು. ಪಕ್ಕದಲ್ಲೇ ರೇಲಿಂಗು ಎಣ್ಣೆ ಕುಡಿದು ಮಿರುಗುತ್ತಿತ್ತು.

"ಹೆಂಗ ಸಲೀಸ ಇಳದ್ಲು ನೋಡು," ಎಂದ ಮಹಾದೇವ.

ಉಜ್ವಲಾ ಸೊಸೆಯನ್ನು ಅಡುಗೆಮನೆಗೆ ಕರೆದೊಯ್ದಳು. "ಯಾಕ ಹಿಡೀಲಿಲ್ಲವಾ?"

"ಹೆಂಗ ಹಿಡೀಲ್ರಿ ಅತ್ತ್ಯಾರ? ಮಾವಾರು ಅಲ್ಲೇ ಕುಂತಾರ. ಸೆರಗಿಗೊಂದ ಕೈ, ನಿರಿಗಿಗೊಂದ ಕೈ. ಇನ್ನೊಂದ ಕೈ ನಿಪ್ಪಾಣಿಯಿಂದ ನಮ್ಮವ್ವ ಕಳಸಬೇಕು," ಎಂದು ಮನೀಷಾ ನಕ್ಕಳು.

ಉಜ್ವಲಾಳಿಗೆ ನಗು ಬರಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಕಪ್ಪಾಗುತ್ತಿತ್ತು. ಇಷ್ಟು ದಿನ ತಾನು ಮರಕ್ಕಾಗಿ ಕಾದಿದ್ದಳು. ಮರ ಬಂದರೂ ಚಿಲಕ ಸರಿದಾಗ ಜೀವ ಹಾರುವುದು ತಪ್ಪಲಿಲ್ಲ. ಗಂಡನಿಗೆ ಮೆಲ್ಲಗೆ ಹೇಳಿದರೆ? ಒಂದೆರಡು ದಿನ ಹೊರಗೆ ಕಟ್ಟೆಗೆ ಹೋಗಿ ಕೂತಾನು. ಆಮೇಲೆ ಮರೆತಾನು. ಅತ್ತೆ ಮಾತ್ರ ಯಾವತ್ತೂ ಅಲ್ಲೇ ಇರುತ್ತಾಳೆ. ತಾನೇ ಈ ಮನೆಯಲ್ಲಿ ಎಷ್ಟು ವರ್ಷ ಹೀಗೆ ಸೆರಗು ಹಿಡಿದು ಒಂದೇ ಕೈಯಲ್ಲಿ ಬದುಕಿದಳು, ಅದು ಕೊರತೆ ಎಂದೇ ಹೊಳೆದಿರಲಿಲ್ಲ. ಒಲೆ ಆರಿಸಿ, ಮೇಲೆ ಹೊರಟ ಸೊಸೆಯ ಹಿಂದೆಯೇ ಪಡಸಾಲೆಗೆ ಬಂದಳು.

"ಮನೀಷಾ, ಸೆರಗ ಸೊಂಟಕ್ಕ ಸಿಗಸು. ಕೈ ಕಟಗಿ ಮ್ಯಾಲಿಟ್ಟ ಹತ್ತು."

ಮನೀಷಾ ಮೊದಲ ಮೆಟ್ಟಿಲಲ್ಲೇ ನಿಂತಳು.

"ಮಾವ ಕುಂತಾನ. ಕಣ್ಣ ಕಾಣಾಂಗಿಲ್ಲೇನ ನಿನಗ?" ಎಂದಳು ಸಾವಿತ್ರೆವ್ವ.

"ಕಾಣತಾವ್ರಿ ಅತ್ತಿ. ಅವರು ಕುಂತಾರಂತನ ಅಕಿಗೆ ಹಿಡ್ಯಾಕ ಕೈ ಇಲ್ಲ."

ಮಹಾದೇವ ರೇಲಿಂಗನ್ನು ನೋಡಿದ, ತನ್ನ ಗುಳ್ಳೆಯೆದ್ದ ಅಂಗೈ ನೋಡಿಕೊಂಡ. ಮುಖ ಸಣ್ಣದಾಯಿತು. "ನಾ ಹೊರಗ ಹೋಗ್ಲೇನು?"

"ಎಷ್ಟ ಸಲ ಹೋಗ್ತೀರಿ? ಕುಂದರ್ರಿ."

ಸಾವಿತ್ರೆವ್ವ ಎದ್ದು ಒಳಗೆ ಹೋದಳು. ರಾತ್ರಿ ಈ ಮಾತು ಮತ್ತೆ ಏಳುತ್ತದೆ, ಮಗ ಅಮಿತ ಕೆಲಸದಿಂದ ಬಂದಕೂಡಲೇ ಅಜ್ಜಿ ಅವನನ್ನು ಕೂರಿಸಿಕೊಂಡು ದೂರು ಹೇಳುತ್ತಾಳೆ. ಹೇಳಲಿ. ಉಜ್ವಲಾ ಮೆಟ್ಟಿಲ ಬುಡ ಬಿಟ್ಟು ಕದಲಲಿಲ್ಲ.

ಮನೀಷಾ ಮೆಲ್ಲಗೆ ಸೆರಗು ಇಳಿಸಿ ಸೊಂಟಕ್ಕೆ ಸಿಗಿಸಿ, ರೇಲಿಂಗು ಹಿಡಿದು ಹತ್ತತೊಡಗಿದಳು. ತಿರುವು ಬಂದಾಗ ಮರ ಸಣ್ಣಗೆ ಕಿರುಗುಟ್ಟಿತು. ಅವಳು ತನ್ನ ಭಾರವನ್ನೆಲ್ಲ ಅದರ ಮೇಲೆ ಹಾಕಿದ್ದಳು.